ಖಾಲಿ ಡಬ್ಬ ವಾಪಸ್ ಕೊಡಬಾರದು

ಡಿಸೆಂಬರ್ ಕೊನೆಯ ಭಾನುವಾರ ಸಂಜೆ ತುಮಕೂರಿನ ನಮ್ಮ ಬಡಾವಣೆಯ ಹೆಂಗಸರು ಸೇರಿ ಒಂದು ಮಾತುಕತೆ ಇಟ್ಟುಕೊಂಡಿದ್ದರು. ಕಾಫಿ ಇದೆ ಅಂತ ಗೊತ್ತಾಗಿ ಗಂಡಸರೂ ಬಂದಿದ್ದರು. ಅಲ್ಲಿ ನಾನು ಆಡಿದ ಮಾತನ್ನು ನನ್ನ ಸೊಸೆ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಅದನ್ನೇ ಕೇಳಿಕೊಂಡು ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಒಂದೇ ಸಲ ಮಾಡಿದ್ದೇನೆ. ಅಡ್ಡಮಾತುಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೈಕು ಬೇಡ ಅಂದೆ, ಆದರೂ ಕೈಗೆ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ನನ್ನ ಗಂಟಲಿಗೆ ಮೈಕು ಕೊಟ್ಟರೆ ಪಾಪ, ಮುಂದಿನ ಸಾಲಿನವರ ಗತಿ ಏನು?

ಸಂಕ್ರಾಂತಿಗೆ ಇನ್ನು ಎರಡೇ ವಾರ. ಅದಕ್ಕೇ ಇರಬೇಕು, ‘ಮನೆಯಲ್ಲೇ ಮಾಡಿ ಕೊಡುವ ಉಡುಗೊರೆ’ ಬಗ್ಗೆ ಮಾತಾಡಿ ಅಂದರು. ನಾನು ಒಂದು ಡಬ್ಬದಿಂದ ಶುರು ಮಾಡುತ್ತೇನೆ.

ನಮ್ಮದು ತಿಪಟೂರು ಕಡೆಯ ಹಳ್ಳಿ. ನನಗೆ ಎಂಟೋ ಒಂಬತ್ತೋ ವರ್ಷ. ಪಕ್ಕದ ಮನೆ ದೊಡ್ಡಮ್ಮ ಒಂದು ಹಿತ್ತಾಳೆ ಡಬ್ಬದಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಕಳಿಸಿದ್ದರು. ಪುಡಿ ಮುಗಿಯಿತು. ಅಮ್ಮ ಡಬ್ಬ ತೊಳೆದು, ಒರೆಸಿ, ಒಳಗೆ ಒಂದು ಅಚ್ಚು ಬೆಲ್ಲ ಇಟ್ಟು ‘ಕೊಟ್ಟು ಬಾ’ ಅಂದರು. ನಮ್ಮ ಕಡೆ ಬರಿದು ಪಾತ್ರೆ ಹಿಂದಕ್ಕೆ ಕೊಡುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ನಿಂಬೆಹಣ್ಣು, ಹಿತ್ತಲಿನ ಕರಿಬೇವಿನ ಒಂದು ಎಸಳಾದರೂ ಸರಿ. ನಿಮ್ಮ ಮನೆಗಳಲ್ಲೂ ಹೀಗೇ ಅಲ್ವಾ?

ನಾನು ದಾರಿಯಲ್ಲಿ ಬೆಲ್ಲ ತಿಂದೆ. ಎರಡು ಮನೆಯ ನಡುವೆ ಎಷ್ಟು ದಾರಿ ಇರುತ್ತೆ ಅಂತ ಕೇಳಬೇಡಿ. ಹಿತ್ತಲು ಸುತ್ತಿ ಹೋದೆ. ದೊಡ್ಡಮ್ಮ ಮುಚ್ಚಳ ತೆಗೆದರು, ಒಳಗೆ ನೋಡಿದರು, ನನ್ನ ಬಾಯಿ ನೋಡಿದರು. ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಅದೇ ಡಬ್ಬದ ತುಂಬ ಹುರಿದ ಕಡಲೆಕಾಯಿ ಹಾಕಿಕೊಂಡು ಬಂದು ನನ್ನ ಕೈಯಲ್ಲೇ ವಾಪಸ್ ಕಳಿಸಿದರು. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ‘ಬೆಲ್ಲ ಕೊಟ್ಟ ಡಬ್ಬ ಕಡಲೆಕಾಯಿ ಹೊತ್ತು ಹಿಂದಕ್ಕೆ ಬಂದಿದೆಯಲ್ಲ, ಈಗ ಮತ್ತೆ ನಾವೇ ಕೊಡಬೇಕಲ್ಲ’ ಅಂದರು. ಆ ಡಬ್ಬ ಆ ವರ್ಷವಿಡೀ ಎರಡು ಮನೆಯ ನಡುವೆ ಓಡಾಡಿತು. ಯಾರು ಯಾರಿಗೆ ಬಾಕಿ ಅನ್ನೋದು ಕೊನೆಗೂ ತೀರ್ಮಾನ ಆಗಲಿಲ್ಲ.

ಇದರ ಪಕ್ಕದಲ್ಲಿ ಮುಯ್ಯಿಯನ್ನು ಇಟ್ಟು ನೋಡಿ. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಒಬ್ಬರು ಮೇಜು ಹಾಕಿಕೊಂಡು ಕೂರುತ್ತಾರೆ. ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಮೊತ್ತ. ನಾಳೆ ಅವರ ಮನೆ ಮದುವೆಗೆ ಇವರು ಆ ಪುಸ್ತಕ ತೆಗೆದು ನೋಡಿ, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಓದಿಸುತ್ತಾರೆ. ನಾನು ಮುಯ್ಯಿಯನ್ನು ಹಳಿಯುತ್ತಿಲ್ಲ. ಬಡವರ ಮನೆಯ ಮದುವೆಗೆ ಅದು ಸಾಲದ ಹಾಗೆ ಒದಗಿ ಬರುತ್ತಿತ್ತು. ಆದರೆ ನಮ್ಮ ಭಾಷೆಯ ತಮಾಷೆ ನೋಡಿ. ಮದುವೆಯಲ್ಲಿ ಕೊಡುವುದಕ್ಕೂ ಮುಯ್ಯಿ ಅನ್ನುತ್ತೇವೆ, ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿಗೆ ಮುಯ್ಯಿ ಅನ್ನುತ್ತೇವೆ. ಎರಡರಲ್ಲೂ ಲೆಕ್ಕ ಚುಕ್ತಾ ಆಗಬೇಕು.

ಡಬ್ಬದ ಲೆಕ್ಕ ಚುಕ್ತಾ ಆಗುವುದಿಲ್ಲ. ಬೆಲ್ಲಕ್ಕೂ ಕಡಲೆಕಾಯಿಗೂ ಯಾರು ಬೆಲೆ ಕಟ್ಟುತ್ತಾರೆ? ಮನೆಯಲ್ಲಿ ಮಾಡಿದ್ದಕ್ಕೆ ಎಂಆರ್‌ಪಿ ಇಲ್ಲ. ಅಂಗಡಿಯಿಂದ ತಂದು ಕೊಟ್ಟರೆ ತೆಗೆದುಕೊಂಡವರು ಮೊದಲು ಮನಸ್ಸಿನಲ್ಲೇ ಬೆಲೆ ಅಂದಾಜು ಮಾಡುತ್ತಾರೆ. ನಾನೂ ಮಾಡುತ್ತೇನೆ, ಸುಳ್ಳೇಕೆ ಹೇಳಲಿ.

ಹಾಗಂತ ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯ ಉಡುಗೊರೆ ಅಂತ ನಾನು ಹೇಳುವುದಿಲ್ಲ. ಇಲ್ಲಿಗೆ ಬಂದವರಲ್ಲಿ ಅರ್ಧ ಜನ ಅದನ್ನೇ ಕೇಳಲು ಬಂದಿದ್ದರೆ ಕ್ಷಮಿಸಿ. ಮಣಿ ಪೋಣಿಸಿದ ಬಾಗಿಲ ತೋರಣ ನೆನಪಿದೆಯಾ? ನಮ್ಮ ಕಾಲದಲ್ಲಿ ಒಂದು ಹುಚ್ಚಿತ್ತು. ಮಣಿಯ ಗಿಣಿ, ಮಣಿಯ ನವಿಲು, ಮಣಿಯ ಟಿವಿ ಕವರು. ನಾನೂ ಹತ್ತಾರು ಜನಕ್ಕೆ ಕೊಟ್ಟೆ. ಮಾಡುವುದು ನನಗೆ ಖುಷಿಯಾಗಿತ್ತು, ಅದಕ್ಕೇ ಕೊಟ್ಟೆ. ಅವರಿಗೆ ಬೇಕಾ ಅಂತ ಒಂದು ದಿನವೂ ಯೋಚಿಸಲಿಲ್ಲ. ನಾನು ಬರುತ್ತೇನೆ ಅಂತ ಗೊತ್ತಾದ ದಿನ ಮಾತ್ರ ಅವು ಬಾಗಿಲಿಗೆ ಬರುತ್ತಿದ್ದವು ಅಂತ ಆಮೇಲೆ ತಿಳಿಯಿತು.

ಅದೇ ಕಾಲದಲ್ಲಿ ನನ್ನ ಚಿಕ್ಕಮ್ಮ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆದು ಕೊಟ್ಟರು. ಹಸಿರು, ಬಿಳಿ. ನೋಡಲು ಏನೂ ಚೆಂದವಿಲ್ಲ. ಇಪ್ಪತ್ತೆರಡು ವರ್ಷ ಅದರಲ್ಲಿ ತರಕಾರಿ ತಂದಿದ್ದೇನೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಸೊಪ್ಪಿನವರು ಆ ಬುಟ್ಟಿಯಿಂದಲೇ ನನ್ನ ಗುರುತು ಹಿಡಿಯುತ್ತಿದ್ದರು. ಚಿಕ್ಕಮ್ಮ ನನ್ನ ಬಲಗೈ ಹೆಬ್ಬೆರಳು ನೋಯುತ್ತೆ ಅನ್ನೋದನ್ನು ನೋಡಿ ಹಿಡಿಯನ್ನು ಎರಡು ಸುತ್ತು ದಪ್ಪ ಮಾಡಿದ್ದರು. ನಾನು ಹೇಳಿರಲಿಲ್ಲ. ಅವರೇ ನೋಡಿದ್ದರು.

ನೋಡಬೇಕು ಅಂತ ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ನನ್ನ ಜೊತೆ ಪಾಠ ಮಾಡುತ್ತಿದ್ದ ಗೆಳತಿಯೊಬ್ಬಳು ರಿಟೈರ್ ಆದಾಗ ಎರಡು ಕೆಜಿ ಕೊಬ್ಬರಿ ಮಿಠಾಯಿ ಮಾಡಿ ತೆಗೆದುಕೊಂಡು ಹೋದೆ. ಅವಳು ತುಂಬ ಪ್ರೀತಿಯಿಂದ ತೆಗೆದುಕೊಂಡಳು. ‘ಕೂತ್ಕೊಳೇ’ ಅಂತ ಕಾಫಿ ತಂದಳು. ನನ್ನ ಲೋಟಕ್ಕೆ ಸಕ್ಕರೆ ಹಾಕಿದಳು, ಅವಳದ್ದಕ್ಕೆ ಹಾಕಲಿಲ್ಲ. ಆಗ ಹೊಳೆಯಿತು. ಆರು ತಿಂಗಳಿಂದ ಅವಳಿಗೆ ಶುಗರ್. ಸ್ಟಾಫ್ ರೂಮಿನಲ್ಲಿ ದಿನವೂ ಪಕ್ಕದಲ್ಲೇ ಕೂರುತ್ತಿದ್ದೆ, ಸಕ್ಕರೆ ಇಲ್ಲದ ಕಾಫಿ ಕಾಣಿಸಿರಲಿಲ್ಲ ನನಗೆ. ಮಿಠಾಯಿಗೆ ಮೂರು ಗಂಟೆ ಒಲೆ ಮುಂದೆ ನಿಂತಿದ್ದೆ. ಅವಳ ಕಡೆ ಒಂದು ನಿಮಿಷ ನೋಡಿದ್ದರೆ ಸಾಕಿತ್ತು.

ಈಗ ಅವಳಿಗೆ ಏನು ಕೊಡುತ್ತೇನೆ ಗೊತ್ತಾ? ಹುರಿಹಿಟ್ಟು. ಬೆಲ್ಲ ಹಾಕದ್ದು. ಅದೂ ಒಂದು ಸಣ್ಣ ಡಬ್ಬ. ಶುಗರ್ ಇರುವವರು ಅದನ್ನೂ ಬಾಣಲೆಗಟ್ಟಲೆ ತಿನ್ನುವ ಹಾಗಿಲ್ಲ. ಮಜ್ಜಿಗೆಗೆ ಎರಡು ಚಮಚ ಕಲಸಿಕೊಂಡು, ಉಪ್ಪು ಹಾಕಿ ಕುಡಿಯುತ್ತಾಳೆ. ನಮ್ಮ ಜಿಲ್ಲೆಯಲ್ಲಿ ರಾಗಿಗೆ ಬರವಿಲ್ಲ. ಆದರೆ ಹುರಿಹಿಟ್ಟು ಮಾಡುವವರು ಕಡಿಮೆಯಾಗಿದ್ದಾರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

1 ಕೆಜಿ ರಾಗಿ ಕಲ್ಲು ಆರಿಸಿ, ತೊಳೆಯದೆ ಇಟ್ಟುಕೊಳ್ಳಿ. ಅರ್ಧ ಲೋಟ ತೆಳು ಮಜ್ಜಿಗೆ ಚಿಮುಕಿಸಿ, ಎಲ್ಲ ಕಾಳಿಗೂ ತಾಗುವ ಹಾಗೆ ಕೈಯಲ್ಲಿ ಕಲಸಿ, ರಾತ್ರಿಯೆಲ್ಲ ಮುಚ್ಚಿಡಿ. ಕಾಳು ಒದ್ದೆ ಆಗಬಾರದು, ತೇವ ಹೀರಿರಬೇಕು. ಬೆಳಿಗ್ಗೆ ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಲಿ. ಒಂದು ಹಿಡಿ ಹಾಕಿ, ಬಟ್ಟೆ ಸುತ್ತಿದ ಕೋಲಿನಿಂದ ಆಡಿಸಿ. ಚಿಟಪಟ ಅಂತ ಬಿಳಿ ಹೂವಿನ ಹಾಗೆ ಅರಳುತ್ತೆ. ಒಂದೇ ಸಲ ಜಾಸ್ತಿ ಹಾಕಿದರೆ ಅರಳುವುದಿಲ್ಲ, ಸುಮ್ನೆ ಸೀಯುತ್ತೆ. ಯಾಕೆ? ಕಾಳಿನ ಒಳಗಿನ ತೇವ ಒಮ್ಮೆಲೇ ಆವಿಯಾಗಿ ಒತ್ತಬೇಕು. ಆಗಲೇ ಸಿಪ್ಪೆ ಒಡೆಯುವುದು. ಬಾಣಲೆ ತಣ್ಣಗಾದರೆ ಆವಿ ನಿಧಾನವಾಗಿ ಸೋರಿ ಹೋಗುತ್ತೆ, ಕಾಳು ಒಣಗುತ್ತೆ ಅಷ್ಟೇ. ಅರಳಿದ್ದನ್ನು ಆರಿಸಿ, ಬೀಸಿ, ಜರಡಿ ಹಿಡಿಯಿರಿ. ಬೇಕಿದ್ದರೆ ಸ್ವಲ್ಪ ಹುರಿಗಡಲೆ, ಏಲಕ್ಕಿ. ಒಂದು ತಿಂಗಳಲ್ಲಿ ಮುಗಿಸುವಷ್ಟು ಮಾತ್ರ ಕೊಡಿ. ಡಬ್ಬದ ಮೇಲೆ ಬೀಸಿದ ದಿನಾಂಕ ಬರೆಯಿರಿ. ದಿನಾಂಕ ಬರೆಯದ ಉಡುಗೊರೆ ಫ್ರಿಜ್ಜಿನ ಹಿಂದಿನ ಮೂಲೆಗೆ ಹೋಗುತ್ತೆ.

ಮೊದಲ ಮಗು ಹೆತ್ತ ಸೊಸೆಗೋ ಅಕ್ಕನ ಮಗಳಿಗೋ ಕೊಡುವುದಾದರೆ ರಾಗಿಸರಿ ಇನ್ನೂ ಒಳ್ಳೆಯದು. ರಾಗಿಯನ್ನು ಹನ್ನೆರಡು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಸಿ, ತೆಳು ಮಲ್ ಬಟ್ಟೆಯಲ್ಲಿ ಸೋಸಬೇಕು. ಮೊಳಕೆಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಅದು ಪಿಷ್ಟವನ್ನು ಮುರಿಯುತ್ತೆ. ಅದಕ್ಕೇ ಮೊಳಕೆ ಹಿಟ್ಟಿನ ಗಂಜಿ ಅಂಟಂಟಾಗದೆ ತೆಳ್ಳಗೆ ಉಳಿಯುತ್ತೆ. ಅಂದರೆ ಅಷ್ಟೇ ಗಂಜಿಗೆ ಜಾಸ್ತಿ ಹಿಟ್ಟು ಹಿಡಿಯುತ್ತೆ, ಮಗುವಿನ ಪುಟ್ಟ ಹೊಟ್ಟೆಗೆ ನಾಲ್ಕು ಚಮಚದಲ್ಲೇ ಹೆಚ್ಚು ಆಹಾರ ಹೋಗುತ್ತೆ. ಕೆಂಪಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತೆ. ನಮ್ಮ ಅಜ್ಜಿಯರು ಕಿಣ್ವದ ಹೆಸರು ಕೇಳಿರಲಿಲ್ಲ. ‘ಬಣ್ಣ ತಿರುಗಬಾರದು ಕಣೇ’ ಅನ್ನುತ್ತಿದ್ದರು, ಅಷ್ಟೇ. ಆರು ತಿಂಗಳು ತುಂಬಿದ ಮೇಲೆ ಕೊಡಬೇಕು. ಜೊತೆಗೆ ಜೇನು ಕೊಡುವವರಿದ್ದಾರೆ. ದಯವಿಟ್ಟು ಬೇಡ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಅದರಲ್ಲಿ ಬಾಟುಲಿಸಂ ತರುವ ಬೀಜಾಣುಗಳು ಇರಬಹುದು, ಎಳೆ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ.

ಈಗ ಹಬ್ಬಕ್ಕೆ ಬರುತ್ತೇನೆ. ಎಳ್ಳು ಬೀರುವುದು ಅಂದರೆ ಊರಿಗೆ ಊರೇ ಮನೆಯಲ್ಲಿ ಮಾಡಿದ್ದನ್ನು ಹಂಚುವ ದಿನ. ಈಗ ರೆಡಿ ಪ್ಯಾಕೆಟ್ಟು ಸಿಗುತ್ತೆ. ತರುವವರನ್ನು ನಾನು ಬೈಯುವುದಿಲ್ಲ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಕೊಬ್ಬರಿ ಹೆಚ್ಚಲು ಎಲ್ಲಿ ಪುರುಸೊತ್ತು? ಆದರೆ ನಾವು ಇರುವುದು ತುಮಕೂರು ಜಿಲ್ಲೆಯಲ್ಲಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಮಗ್ಗುಲಲ್ಲೇ ಇದೆ. ಕೊಬ್ಬರಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನಮ್ಮೂರಿನವರು ನನ್ನನ್ನು ಒಳಗೆ ಸೇರಿಸುವುದಿಲ್ಲ.

ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಿಗೆ ಒಡೆದು ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಒಡೆಯದೆ ಅಟ್ಟಕ್ಕೆ ಹಾಕಿಬಿಡುತ್ತಾರೆ. ಎಂಟು ತಿಂಗಳಿಂದ ಹಿಡಿದು ಹೆಚ್ಚುಕಮ್ಮಿ ಒಂದು ವರ್ಷ ಅದು ಅಲ್ಲೇ ಕೂತಿರುತ್ತೆ. ಒಳಗಿನ ನೀರು ತಾನಾಗೇ ಇಂಗುತ್ತೆ, ತಿರುಳು ಚಿಪ್ಪು ಬಿಡುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಅನ್ನುತ್ತೆ. ಚಿಕ್ಕವರಿದ್ದಾಗ ಅಟ್ಟ ಹತ್ತಿ ಒಂದೊಂದೇ ಕಾಯಿ ಅಲ್ಲಾಡಿಸಿ ಕೇಳುವುದು ನಮ್ಮ ಕೆಲಸವಾಗಿತ್ತು. ಅಪ್ಪ ಕೆಳಗಿನಿಂದ ‘ಏನಂತೆ?’ ಅನ್ನುತ್ತಿದ್ದರು. ‘ಇನ್ನೂ ಮಾತಾಡ್ತಿಲ್ಲ’ ಅನ್ನುತ್ತಿದ್ದೆವು. ಅಂದರೆ ವರ್ಷದ ಹಿಂದೆ ಕಿತ್ತ ಕಾಯಿ ಈ ಸಂಕ್ರಾಂತಿಯ ಎಳ್ಳಿಗೆ ಬರುತ್ತೆ.

ನಾನು ಹಾಕುವ ಅಳತೆ ಇದು. ಕೊಬ್ಬರಿ, ಬೆಲ್ಲ, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ತಲಾ 250 ಗ್ರಾಂ, ಬಿಳಿ ಎಳ್ಳು 100 ಗ್ರಾಂ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಎರಡು ದಿನ ಬಿಸಿಲಿಗೆ ಇಡಿ. ಬೆಲ್ಲವನ್ನು ಬೇರೆ ತಟ್ಟೆಯಲ್ಲಿ ಒಣಗಿಸಿ. ಹುರಿದದ್ದೆಲ್ಲ ಪೂರ್ತಿ ತಣ್ಣಗಾದ ಮೇಲೆ ಕಲಸಿ. ಬೆಲ್ಲ ಗಾಳಿಯ ತೇವವನ್ನೇ ಎಳೆದುಕೊಳ್ಳುವ ಪದಾರ್ಥ. ಅದರ ಮೇಲೆ ಬಿಸಿ ಕಡಲೆಬೀಜ ಬಿದ್ದರೆ ಕರಗಿ ಎಲ್ಲ ಮುದ್ದೆಯಾಗುತ್ತೆ. ಮುದ್ದೆ ನಮಗೆ ಇಷ್ಟ, ಆದರೆ ಎಳ್ಳಿನದ್ದಲ್ಲ.

ಸಕ್ಕರೆ ಅಚ್ಚಿನ ವಿಷಯದಲ್ಲಿ ಮಾತ್ರ ನನ್ನ ಮಾನ ಹೋಗಿದೆ. ವಿಜ್ಞಾನದ ಮೇಷ್ಟ್ರಿಗೆ ಮಾನ ಹೋಗಬೇಕಾದ ಜಾಗದಲ್ಲೇ ಹೋಗಿದೆ. ಮದುವೆಯಾದ ಮೊದಲ ವರ್ಷ. ಅತ್ತೆಯವರು ಮರದ ಅಚ್ಚುಗಳನ್ನು ಕೊಟ್ಟರು. ಆನೆ, ಗಿಳಿ, ಮಂಟಪ, ಕಳಶ. ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ಎರಡು ಹೋಳನ್ನು ಸೇರಿಸಿ ದಾರ ಕಟ್ಟಬೇಕು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಮೂರು ಚಮಚ ಹಾಲು ಹಾಕುತ್ತಾರೆ. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ತಬ್ಬಿಕೊಂಡು ಮೇಲೆ ಬರುತ್ತೆ, ಅದನ್ನು ಬಟ್ಟೆಯಲ್ಲಿ ಸೋಸಬೇಕು. ಹಾಲು ಬೇಗ ಒಡೆಯಲಿ ಅಂತ ಎರಡು ಹನಿ ನಿಂಬೆರಸ ಹಾಕುವವರಿದ್ದಾರೆ. ಎರಡು ಹನಿಯಲ್ಲಿ ಇಷ್ಟು ಬಿಳಿಯಾದರೆ ಒಂದು ಹಣ್ಣು ಹಿಂಡಿದರೆ ಎಷ್ಟು ಬಿಳಿಯಾಗಬಹುದು ಅಂತ ನಾನು ಒಂದು ಹಣ್ಣು ಹಿಂಡಿದೆ.

ಅಚ್ಚು ಬಿಚ್ಚಿದರೆ ಆನೆಯೇ ಇಲ್ಲ. ಅಂಟಿನ ಹಾಗೆ ಪಾಕ ಸುರಿಯಿತು. ಹುಳಿ ಬಿದ್ದು ಕುದಿದರೆ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತೆ. ಅವು ನಡುವೆ ನುಗ್ಗಿ ಹರಳು ಕಟ್ಟಲು ಬಿಡುವುದಿಲ್ಲ. ಎಂಟನೇ ತರಗತಿಗೆ ಹರಳುಗಟ್ಟುವಿಕೆ ಪಾಠ ಮಾಡುತ್ತಿದ್ದವಳು ನಾನೇ. ಅತ್ತೆ ಬಂದು ನೋಡಿ, ‘ಪರವಾಗಿಲ್ಲ ಬಿಡಮ್ಮ, ಬೇಸಿಗೆಗೆ ಶರಬತ್ತು ಆಯಿತು’ ಅಂದರು. ಹೊಸ ಸೊಸೆಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾರು ಕೊಡುತ್ತಾರೆ?

ಸರಿಯಾದ ಕ್ರಮ ಹೀಗೆ. ಸೋಸಿದ ಪಾಕವನ್ನು ಒಂದೇ ಸಲ ಕಾಯಿಸಬೇಡಿ. ಒಂದು ಸಣ್ಣ ಪಾತ್ರೆಗೆ ಎರಡು ಸೌಟು ಹಾಕಿ, ಗಟ್ಟಿ ಪಾಕ ಬರುವವರೆಗೆ ಕುದಿಸಿ, ಆಮೇಲೆ ಬಿಡದೆ ತಿರುವಿ. ಅಂಚಿನಲ್ಲಿ ಬೆಳ್ಳಗೆ ನೊರೆಗಟ್ಟಲು ಶುರುವಾದ ಕೂಡಲೇ ಅಚ್ಚಿಗೆ ಹುಯ್ಯಿರಿ. ತಿರುವುವುದರಿಂದ ಲಕ್ಷಾಂತರ ಸಣ್ಣ ಹರಳು ಒಟ್ಟಿಗೆ ಹುಟ್ಟುತ್ತವೆ, ಅದಕ್ಕೇ ಅಚ್ಚು ನುಣ್ಣಗೆ ಬೆಳ್ಳಗೆ ಬರುತ್ತೆ. ಕ್ಷಣ ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತೆ. ಹತ್ತು ನಿಮಿಷಕ್ಕೆ ಬಿಚ್ಚಬಹುದು. ಮಕ್ಕಳನ್ನು ಬಿಚ್ಚುವಾಗ ಕರೆಯಿರಿ, ಹುಯ್ಯುವಾಗ ದೂರ ಇಡಿ. ಸಕ್ಕರೆ ಪಾಕ ಕೈಮೇಲೆ ಬಿದ್ದರೆ ಬಿಸಿನೀರಿಗಿಂತ ಕೆಟ್ಟದಾಗಿ ಸುಡುತ್ತೆ.

ತಿನ್ನುವುದರ ಮಾತು ಇಷ್ಟು ಸಾಕು. ಉಪ್ಪಿನಕಾಯಿ ಬಗ್ಗೆ ಹೇಳಲು ಹೋದರೆ ಇಲ್ಲಿ ಜಗಳವಾಗುತ್ತೆ. ಪ್ರತಿಯೊಬ್ಬರಿಗೂ ಅವರಮ್ಮನದ್ದೇ ಸರಿ.

ಸೋಪು ಮಾಡಿ ಕೊಡುವುದು ಈಗ ಹುಡುಗಿಯರಲ್ಲಿ ಹೊಸ ಹವ್ಯಾಸ. ನಾನೂ ಮಾಡುತ್ತೇನೆ. ತುಮಕೂರಿನವರಿಗೆ ಕೊಬ್ಬರಿ ಎಣ್ಣೆ ಸೋಪು ಒಳ್ಳೆಯ ಉಡುಗೊರೆ, ಅದಕ್ಕೆ ಕಾರಣವಿದೆ. ನಮ್ಮ ಬೋರ್‌ವೆಲ್ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಗಸಿ ಕಟ್ಟುತ್ತೆ, ನೊರೆ ಬರುವುದಿಲ್ಲ. ಕೊಬ್ಬರಿ ಎಣ್ಣೆಯ ಸೋಪು ಇಂಥ ನೀರಿನಲ್ಲೂ ಬೇರೆಯವಕ್ಕಿಂತ ಚೆನ್ನಾಗಿ ನೊರೆ ಕೊಡುತ್ತೆ. ಆದರೆ ಇದು ಅಡುಗೆ ಅಲ್ಲ, ರಸಾಯನಶಾಸ್ತ್ರ. 1 ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ನಾನು 150 ಗ್ರಾಂ ಮಾತ್ರ ಹಾಕುತ್ತೇನೆ. ಸ್ವಲ್ಪ ಎಣ್ಣೆ ಹಾಗೇ ಉಳಿದರೆ ಚರ್ಮ ಬಿರುಕು ಬಿಡುವುದಿಲ್ಲ. ಚಮಚದಲ್ಲಿ ಅಳೆಯಬೇಡಿ, ತೂಕವೇ ಮಾಡಬೇಕು. ಮೊದಲ ಸಲ ನಾನು ಚಮಚ ಹಿಡಿದೆ. ಕೈ ಉರಿಯಿತು. ಯಾರಿಗೂ ಕೊಟ್ಟಿರಲಿಲ್ಲ, ಪುಣ್ಯ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಬೇಡಿ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತೆ. ಕಣ್ಣಿಗೆ ಕನ್ನಡಕ, ಕೈಗೆ ಗವುಸು, ಕಿಟಕಿ ತೆಗೆದಿರಲಿ. ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಇಟ್ಟು ಆಮೇಲೆ ಕೊಡಿ. ನಾಳೆ ಹುಟ್ಟುಹಬ್ಬ ಅಂತ ಇವತ್ತು ಸೋಪು ಮಾಡಲು ಕೂರಬೇಡಿ. ಮನೆಯಲ್ಲಿ ಓಡಾಡುವ ಮಗು ಇದ್ದರೆ ಈ ಆಸೆಯನ್ನೇ ಬಿಟ್ಟುಬಿಡಿ.

ಬಟ್ಟೆಗೆ ಬಂದರೆ, ನನ್ನ ಪಾಲಿಗೆ ಹಳೇ ಹತ್ತಿ ಸೀರೆಯ ಮುಂದೆ ಯಾವುದೂ ಇಲ್ಲ. ಐವತ್ತು ಸಲ ಒಗೆದು ಮೆತ್ತಗಾದ ಸೀರೆಯನ್ನು ನಾಲ್ಕು ಪದರ ಮಾಡಿ, ಮೂರಡಿ ಚೌಕ ಕತ್ತರಿಸಿ, ಸುತ್ತ ಮಡಿಚಿ, ಉದ್ದಕ್ಕೆ ಸೂಜಿ ಓಡಿಸುತ್ತಾ ಹೋದರೆ ಮಗುವಿಗೆ ಒಂದು ಕೌದಿ. ಮಿಕ್ಕ ತುಂಡಿನಲ್ಲಿ ಒಂದು ಕುಲಾವಿ. ಹೊಸ ಬಟ್ಟೆ ಎಷ್ಟೇ ದುಡ್ಡು ಕೊಟ್ಟರೂ ಅಷ್ಟು ಮೆತ್ತಗಿರುವುದಿಲ್ಲ. ಒಂದು ಪರೀಕ್ಷೆ ಮಾತ್ರ ಮಾಡಿ. ಸೀರೆಯಿಂದ ಎರಡು ಎಳೆ ಎಳೆದು, ಚಿಮುಟದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯ ಹಾಗಾದರೆ ಪಾಲಿಯೆಸ್ಟರ್. ಅದು ಬೆವರು ಹೀರುವುದಿಲ್ಲ, ಮಗುವಿಗೆ ಬೇಡ. ಅದರಲ್ಲಿ ಚೀಲ ಹೊಲಿಯಿರಿ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧ ಆಯಿತು. ಮಾರುಕಟ್ಟೆಗೆ ಹೋದರೆ ಗೊತ್ತಾಗುವುದಿಲ್ಲ, ಬಿಡಿ.

ನನ್ನ ಅಕ್ಕನ ಮಗಳಿಗೆ ಮಗುವಾದಾಗ ತೀರಿಹೋದ ಅಕ್ಕನ ಸೀರೆಯಲ್ಲೇ ಕೌದಿ ಹೊಲಿದೆ. ಹೊಲಿಗೆ ಸೊಟ್ಟಪಟ್ಟ. ಕೊಟ್ಟಾಗ ಅವಳು ನೋಡಲಿಲ್ಲ, ಮೂಸಿದಳು. ನಾನು ಅಡುಗೆ ಮನೆಗೆ ಹೋಗಿಬಿಟ್ಟೆ.

ಕೆಲವರಿಗೆ ತಿನ್ನುವುದೂ ಬೇಡ, ಹೊದೆಯುವುದೂ ಬೇಡ. ನನ್ನ ದೊಡ್ಡಣ್ಣನಿಗೆ ಕಣ್ಣು ಮಂಜು. ಸ್ಮಾರ್ಟ್‌ಫೋನ್ ಕೊಡಿಸಿದರು ಮಕ್ಕಳು, ಅವನಿಗೆ ಹೆಸರು ಕಾಣುವುದಿಲ್ಲ. ನಾನು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಹನ್ನೆರಡು ನಂಬರು ಬರೆದೆ. ಒಂದೊಂದು ಅಂಕೆ ಒಂದು ಅಂಗುಲ. ಮಕ್ಕಳು, ಡಾಕ್ಟರು, ಹಾಲಿನವನು, ಗ್ಯಾಸಿನವನು, 108. ಕೊನೆಯಲ್ಲಿ ನನ್ನದು. ಅರ್ಧ ಗಂಟೆಯ ಕೆಲಸ. ಆ ಕಾಗದ ಇವತ್ತಿಗೂ ಅವನ ಮಂಚದ ಪಕ್ಕದ ಗೋಡೆಯಲ್ಲಿದೆ. ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತೆ. ‘ನಂಬರ್ ಸರಿ ಇದೆಯಾ ಅಂತ ನೋಡಿದೆ’ ಅನ್ನುತ್ತಾನೆ.

ಹಾಗೇ ಹಳೇ ಫೋಟೊ. ಅಜ್ಜಿ ಇರುವಾಗಲೇ ಪಕ್ಕದಲ್ಲಿ ಕೂತು, ಫೋಟೊದಲ್ಲಿ ಯಾರು ಯಾರು ಅಂತ ಕೇಳಿ ಹಿಂದೆ ಬರೆದಿಡಿ. ಬಾಲ್ ಪೆನ್ ಬೇಡ, ಅದರ ಒತ್ತು ಮುಂದಕ್ಕೆ ಮೂಡುತ್ತೆ. ಮೆತ್ತನೆ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯಿರಿ. ನುಣುಪು ಕಾಗದಕ್ಕೆ ಪೆನ್ಸಿಲ್ ಹಿಡಿಯದಿದ್ದರೆ ಬೇರೆ ಚೀಟಿ ಬರೆದು ಜೊತೆಗೆ ಇಡಿ. ಆಮೇಲೆ ಅದನ್ನು ತಮ್ಮಂದಿರಿಗೆ, ತಂಗಿಯರಿಗೆ ಒಂದೊಂದು ಪ್ರತಿ ಮಾಡಿಸಿ ಕೊಡಿ.

ಗಿಡ ಕೊಡುವವರಿಗೆ ಒಂದು ಮಾತು. ದೊಡ್ಡಪತ್ರೆ ಕಡ್ಡಿ ಚುಚ್ಚಿದರೆ ಎರಡು ವಾರದಲ್ಲಿ ಬೇರು ಬಿಡುತ್ತೆ, ಕೆಮ್ಮುವ ಮಕ್ಕಳಿರುವ ಮನೆಗೆ ಕೊಡಿ. ಆದರೆ ಒಳ್ಳೆಯ ಹಲಸು ತಿಂದು ಅದರ ಬೀಜ ಮೊಳೆಸಿ ಕೊಟ್ಟರೆ ಅದೇ ಹಣ್ಣು ಬರುತ್ತೆ ಅಂತ ಹೇಳಿ ಕೊಡಬೇಡಿ. ಬೀಜದ ಹಲಸು ತಾಯಿಯ ಹಾಗೆ ಬರುವ ಭರವಸೆ ಇಲ್ಲ. ನಮ್ಮ ಗುಬ್ಬಿ ತಾಲ್ಲೂಕು ಚೇಳೂರಿನ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಕಸಿ ಮಾಡಿಯೇ ಹಂಚುವುದು ಇದಕ್ಕೇ.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಕಾಲೇಜು ಹುಡುಗಿಯೊಬ್ಬಳು, ‘ಮೇಡಂ, ನಾವು ಕಷ್ಟಪಟ್ಟು ಮಾಡಿ ಕೊಟ್ಟಿದ್ದನ್ನು ಫ್ರೆಂಡ್ಸ್ ಮೂಲೆಗೆ ಹಾಕಿದರೆ ಬೇಜಾರಾಗಲ್ವಾ?’ ಅಂದಳು. ಆಗುತ್ತೆ ಅಂದೆ. ಅದಕ್ಕೇ ಮುಗಿದುಹೋಗುವಂಥದ್ದನ್ನು ಕೊಡು. ತಿಂದು ಮುಗಿಯುವುದು, ಉಜ್ಜಿ ಸವೆಯುವುದು, ಹೊದ್ದು ಹರಿಯುವುದು. ಗೋಡೆಗೆ ನೇತುಹಾಕುವಂಥದ್ದು ಕೊಟ್ಟರೆ ಅವರ ಗೋಡೆಯ ಮೇಲೆ ನೀನು ಹಕ್ಕು ಚಲಾಯಿಸಿದ ಹಾಗೆ.

ಇನ್ನೊಬ್ಬರು ಸೋಪಿನ ಅಳತೆ ಮತ್ತೆ ಕೇಳಿದರು. ಬರೆದು ಕೊಟ್ಟೆ.

ಕೊನೆಯ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ‘ಟೀಚರಮ್ಮ, ನನಗೆ ಅಡುಗೆ ಬರಲ್ಲ, ಹೊಲಿಗೆ ಬರಲ್ಲ. ಇಲ್ಲೇ ಎಚ್‌ಎಂಟಿಯಲ್ಲಿ ಇದ್ದೆ. ವಾಚು ಬಿಟ್ಟು ನನ್ನ ಕೈಗೆ ಏನೂ ಬರಲ್ಲ’ ಅಂದರು. ತುಮಕೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರಿನ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಎಷ್ಟು ಮನೆಗೆ ಅನ್ನ ಹಾಕಿತ್ತು ಅಂತ ಗೊತ್ತಿದೆ. 2016ರಲ್ಲಿ ಕಂಪನಿಯ ವಾಚು ವಿಭಾಗ ಮುಚ್ಚುವ ತೀರ್ಮಾನ ಆಯಿತು. ಈಗ ಆ ಜಾಗ ಇಸ್ರೊ ಕೈಗೆ ಹೋಗಿದೆ.

ನಾನು ಕೇಳಿದೆ, ‘ಯಜಮಾನ್ರೇ, ನಿಮ್ಮ ನೆಂಟರಿಷ್ಟರ ಮನೆಗಳಲ್ಲಿ ನಿಂತುಹೋದ ಕೀ ಕೊಡುವ ವಾಚು ಎಷ್ಟಿವೆ?’

ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಎಲ್ಲರ ಮನೆಯಲ್ಲೂ ಇದೆ. ಬೀರುವಿನಲ್ಲಿ.’

‘ಮತ್ತೆ?’ ಅಂದೆ. ಅವರು ಕೂತುಬಿಟ್ಟರು. ಜನ ನಕ್ಕರು. ನನಗೆ ಒಂಥರಾ ಮುಜುಗರವಾಯಿತು, ದೊಡ್ಡವರನ್ನು ಕ್ಲಾಸಿನಲ್ಲಿ ನಿಲ್ಲಿಸಿದ ಹಾಗೆ.

ಮಾರನೆಯ ವಾರ ಅವರೇ ನಮ್ಮ ಮನೆ ಹುಡುಕಿಕೊಂಡು ಬಂದರು. ‘ನಿಮ್ಮಲ್ಲೂ ಒಂದು ಇರಬೇಕಲ್ಲ’ ಅಂದರು. ಇತ್ತು. ಅಪ್ಪನ ಜನತಾ ವಾಚು, ಅವರು ಹೋದ ದಿನದಿಂದ ನಾಲ್ಕೂ ಹತ್ತಕ್ಕೆ ನಿಂತಿತ್ತು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು, ನಾವು ಕೊಬ್ಬರಿ ನೋಡುತ್ತಿದ್ದ ಹಾಗೇ. ‘ಎಣ್ಣೆ ಒಣಗಿದೆ, ಅಷ್ಟೇ’ ಅಂದು ಜೇಬಿಗೆ ಹಾಕಿಕೊಂಡರು. ದುಡ್ಡಿನ ಮಾತು ಎತ್ತಲು ಬಿಡಲಿಲ್ಲ. ಒಂದು ಡಬ್ಬ ಹುರಿಹಿಟ್ಟು ಕೊಟ್ಟು ಕಳಿಸಿದೆ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ವಾಚು ಇನ್ನೂ ಬಂದಿಲ್ಲ. ಡಬ್ಬ ಬಂದಿದೆ. ಅವರ ಮೊಮ್ಮಗ ಸೈಕಲ್ಲಿನಲ್ಲಿ ತಂದು ಕೊಟ್ಟು ಹೋದ. ಒಳಗೆ ನಾಲ್ಕು ನಿಂಬೆಹಣ್ಣು. ಐದು ಇದ್ದವೋ ಏನೋ, ಹುಡುಗನ ಜೇಬು ಉಬ್ಬಿತ್ತು.